ತೆರೆ ಮೇಲೆ ಹೆಣ್ಮಕ್ಕಳು ಕಾಣ್ಲಿ ಅಂತ ಕೊಡೋ ದುಡ್ಡು ಏನ್ ಮಾಡತ್ತೆ?

ದಾನ ಅಂದ ತಕ್ಷಣ ನಮ್ಮ ತಲೆಗೆ ಬರೋದು ಅನ್ನ, ಬಟ್ಟೆ, ಔಷಧಿ, ಮಕ್ಕಳ ಓದು. ಇವಕ್ಕೆ ಕೊಟ್ರೆ ಕೊಟ್ಟಿದ್ದು ಯಾರಿಗೆ ತಲುಪ್ತು ಅಂತ ಕಣ್ಣಾರೆ ನೋಡ್ಬಹುದು. ಆದ್ರೆ ಹೆಣ್ಮಕ್ಕಳಿಗೆ ಟಿವಿ, ಸಿನಿಮಾಗಳಲ್ಲಿ ಗಟ್ಟಿಯಾದ ಹೆಣ್ಣು ಪಾತ್ರಗಳು ನೋಡೋಕೆ ಸಿಗ್ಲಿ ಅಂತಾನೇ ಕೆಲಸ ಮಾಡೋ ಸಂಸ್ಥೆಗಳಿವೆ, ಅವಕ್ಕೂ ಜನ ದೇಣಿಗೆ ಕೊಡ್ತಾರೆ ಅಂತ ಹೇಳಿದ್ರೆ ಸುಮಾರು ಜನ ತಕ್ಷಣ ಕೇಳೋದು ಒಂದೇ ಮಾತು, ಸಿನಿಮಾದವರ ಹತ್ರ ಇಲ್ದೇ ಇರೋ ದುಡ್ಡಾ, ಅದಕ್ಕೆ ನಾವ್ಯಾಕೆ ಕೊಡ್ಬೇಕು? ನ್ಯಾಯವಾದ ಪ್ರಶ್ನೆನೇ, ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಇದರ ಬಗ್ಗೆ ಓದ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಈ ದುಡ್ಡು ಮಾಡಿರೋ ಅತಿ ದೊಡ್ಡ ಕೆಲಸ ಎಣಿಸಿದ್ದು. ಹೌದು, ಕೂತ್ಕೊಂಡು ಒಂದೊಂದೇ ಪಾತ್ರ ಎಣಿಸಿದ್ದು. ಅದು ಯಾಕೆ ಅಷ್ಟು ದೊಡ್ಡದು, ಎಣಿಸಿದ ಮೇಲೆ ಏನಾಯ್ತು, ಅದು ಬಿಟ್ಟು ಬೇರೆ ಎಲ್ಲೆಲ್ಲಿ ದುಡ್ಡು ಹೋಗತ್ತೆ, ನಿಜವಾಗ್ಲೂ ಹುಡುಗೀರಿಗೆ ಇದರಿಂದ ಏನಾದ್ರೂ ಆಗತ್ತಾ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ಕಥೆ ಶುರುವಾಗೋದು ಗೀನಾ ಡೇವಿಸ್ ಅನ್ನೋ ಹಾಲಿವುಡ್ ನಟಿಯಿಂದ. ಆಸ್ಕರ್ ಗೆದ್ದಿರೋರು. 2000ದ ದಶಕದ ಶುರುನಲ್ಲಿ ಅವರು ತಮ್ಮ ಪುಟ್ಟ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಕ್ಕಳ ಟಿವಿ ಕಾರ್ಯಕ್ರಮ, ಮಕ್ಕಳ ಸಿನಿಮಾ ನೋಡ್ತಿದ್ದಾಗ ಗಮನಕ್ಕೆ ಬಂತು, ಇದರಲ್ಲಿ ಗಂಡು ಪಾತ್ರಗಳೇ ತುಂಬ್ಕೊಂಡಿವೆಯಲ್ಲ, ಹುಡುಗೀರು ಎಲ್ಲಿ? ಅದೂ ಅಂಬೆಗಾಲು ದಾಟಿದ ಮಕ್ಕಳಿಗೆ ಅಂತ ಮಾಡಿರೋ ಕಾರ್ಯಕ್ರಮದಲ್ಲಿ! ಅವರು ಆಮೇಲೆ ಯಾವ ಸ್ಟುಡಿಯೋ ಮೀಟಿಂಗಿಗೆ ಹೋದ್ರೂ ಈ ಮಾತು ಎತ್ತೋರಂತೆ, ಎದುರು ಕೂತೋರು ಅಯ್ಯೋ ಅದೆಲ್ಲ ಸರಿಹೋಗಿದೆ ಬಿಡಿ ಅನ್ನೋರಂತೆ, ಸಾಕ್ಷಿ ಕೇಳಿದ್ರೆ ಒಂದೇ ಒಂದು ಹೆಣ್ಣು ಪಾತ್ರ ಇರೋ ಸಿನಿಮಾದ ಹೆಸರು ಹೇಳೋರಂತೆ. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ಅವರು ಸುಳ್ಳು ಹೇಳ್ತಿರಲಿಲ್ಲ. ನಿಜವಾಗ್ಲೂ ಸರಿಹೋಗಿದೆ ಅಂತಾನೇ ನಂಬಿದ್ರು. ಮಕ್ಕಳಿಗೋಸ್ಕರ ಕೆಲಸ ಮಾಡೋ ಒಳ್ಳೆ ಮನಸ್ಸಿನ ಜನಾನೇ. ಹಂಗಾಗಿ ಜಗಳ ಆಡಿ ಪ್ರಯೋಜನ ಇಲ್ಲ, ಲೆಕ್ಕ ತೋರಿಸ್ಬೇಕು ಅಂತ ಗೀನಾ ತೀರ್ಮಾನ ಮಾಡಿದ್ರು. 2004ರಲ್ಲಿ ಲಾಭ ಇಲ್ಲದ ಒಂದು ಸಂಸ್ಥೆ ಕಟ್ಟಿದ್ರು, ಗೀನಾ ಡೇವಿಸ್ ಇನ್‌ಸ್ಟಿಟ್ಯೂಟ್. ದಕ್ಷಿಣ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಟೇಸಿ ಸ್ಮಿತ್ ಅವರ ತಂಡದಿಂದ ಮಕ್ಕಳ ಸಿನಿಮಾಗಳ ಎಣಿಕೆ ಮಾಡಿಸಿದ್ರು.

ಎಣಿಸೋದು ಅಂದ್ರೆ ಸುಲಭ ಅನ್ನಿಸ್ಬಹುದು. ಅಲ್ಲ. ತರಬೇತಿ ತಗೊಂಡ ಜನ ಒಂದೊಂದು ಸಿನಿಮಾನೂ ನಿಲ್ಲಿಸಿ ನಿಲ್ಲಿಸಿ ನೋಡ್ತಾರೆ, ಒಂದು ಮಾತಾದ್ರೂ ಆಡೋ ಪ್ರತಿ ಪಾತ್ರವನ್ನೂ ಬರ್ಕೊಳ್ತಾರೆ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಏನ್ ಕೆಲಸ ಮಾಡ್ತಾಳೆ, ಎಂಥಾ ಬಟ್ಟೆ ಹಾಕಿದಾರೆ, ಕಥೆಯನ್ನ ಮುಂದಕ್ಕೆ ತಳ್ಳೋದು ಅವಳಾ ಅಥವಾ ಬರೀ ಪಕ್ಕದಲ್ಲಿ ನಿಂತಿರೋದಾ. ಒಬ್ರು ಬರೆದಿದ್ದನ್ನ ಇನ್ನೊಬ್ರು ಮತ್ತೆ ನೋಡಿ ತಾಳೆ ಹಾಕ್ತಾರೆ, ಇಲ್ಲಾಂದ್ರೆ ಯಾರೂ ಆ ನಂಬರನ್ನ ನಂಬಲ್ಲ. ನೂರು ಸಿನಿಮಾಗೆ ಹೀಗೆ ಮಾಡೋಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಅಷ್ಟೂ ಜನಕ್ಕೆ ಸಂಬಳ ಕೊಡ್ಬೇಕು. ಟಿಕೆಟ್ ಮಾರಿ ದುಡ್ಡು ಮಾಡೋ ಯಾವ ಕಂಪನಿಯೂ ತಾನಾಗಿ ಈ ಖರ್ಚು ಮಾಡ್ಕೊಳ್ಳಲ್ಲ, ಸರ್ಕಾರಗಳೂ ಸಾಮಾನ್ಯವಾಗಿ ಮಾಡಲ್ಲ. ದಾನದ ದುಡ್ಡು ಬೇಕಾಗೋದು ಈ ಜಾಗದಲ್ಲೇ, ಯಾರಿಗೂ ಲಾಭ ತರದ ಆದ್ರೆ ಎಲ್ಲರಿಗೂ ಬೇಕಾದ ಕೆಲಸ ಇದು.

ಮನುಷ್ಯರ ಎಣಿಕೆಗೆ ಒಂದು ಮಿತಿ ಇದೆ. ಒಂದು ಸಿನಿಮಾದಲ್ಲಿ ಐದು ಗಂಡು ಐದು ಹೆಣ್ಣು ಪಾತ್ರ ಇದ್ರೆ ಸರಿಸಮ ಅಂತ ಬರ್ಕೊಳ್ತೀವಿ, ಆದ್ರೆ ಆ ಐದು ಹೆಣ್ಣು ಪಾತ್ರ ಒಟ್ಟಿಗೆ ಹತ್ತೇ ನಿಮಿಷ ಕಂಡ್ರೆ? 2012ರಲ್ಲಿ ಗೂಗಲ್‌ನವರ ದಾನದ ವಿಭಾಗ ಈ ಸಂಸ್ಥೆಗೆ 12 ಲಕ್ಷ ಡಾಲರ್ ಗ್ರಾಂಟ್ ಕೊಡ್ತು, ಅದರಿಂದ ಅದೇ ಯೂನಿವರ್ಸಿಟಿಯ ಎಂಜಿನಿಯರಿಂಗ್ ವಿಭಾಗದ ಶ್ರೀಕಾಂತ್ ನಾರಾಯಣನ್ ಅವರ ಲ್ಯಾಬ್ ಜೊತೆ ಸೇರಿ ಒಂದು ಸಾಫ್ಟ್‌ವೇರ್ ತಯಾರಾಯ್ತು. ಮುಖ ಗುರುತಿಸಿ ಯಾರು ಎಷ್ಟು ಸೆಕೆಂಡ್ ಕಾಣ್ತಾರೆ, ಧ್ವನಿ ಗುರುತಿಸಿ ಯಾರು ಎಷ್ಟು ಸೆಕೆಂಡ್ ಮಾತಾಡ್ತಾರೆ ಅಂತ ಅದೇ ಅಳೆಯತ್ತೆ. 2014, 2015ರ ಹೆಚ್ಚು ಗಳಿಕೆ ಮಾಡಿದ ಹಾಲಿವುಡ್ ಸಿನಿಮಾಗಳಿಗೆ ಅದನ್ನ ಹಾಕಿ ನೋಡಿದಾಗ ಗಂಡಸರು ಹೆಂಗಸರಿಗಿಂತ ಹೆಚ್ಚೂಕಮ್ಮಿ ಎರಡು ಪಟ್ಟು ಹೊತ್ತು ತೆರೆ ಮೇಲೆ ಕಾಣ್ತಿದ್ರು, ಎರಡು ಪಟ್ಟು ಹೊತ್ತು ಮಾತಾಡ್ತಿದ್ರು.

ಇದು ಹಾಲಿವುಡ್ಡಿನ ಕಾಯಿಲೆ ಮಾತ್ರ ಅಂದ್ಕೊಂಡ್ರೆ ತಪ್ಪು. 2014ರಲ್ಲಿ ಇದೇ ಸಂಸ್ಥೆ, ವಿಶ್ವಸಂಸ್ಥೆಯ ಮಹಿಳಾ ವಿಭಾಗ ಮತ್ತು ರಾಕ್‌ಫೆಲರ್ ಫೌಂಡೇಶನ್ ಸೇರಿ 11 ದೇಶಗಳ 120 ಜನಪ್ರಿಯ ಸಿನಿಮಾಗಳ ಎಣಿಕೆ ಹೊರಗೆ ತಂದ್ರು. ಮಾತಾಡೋ ಪಾತ್ರಗಳಲ್ಲಿ ಹೆಣ್ಣು ಶೇಕಡಾ 30.9. ಭಾರತದ ಸಿನಿಮಾಗಳಲ್ಲಿ ಶೇಕಡಾ 24.9, ಅಂದ್ರೆ ನಾಲ್ಕು ಪಾತ್ರ ಮಾತಾಡಿದ್ರೆ ಅದರಲ್ಲಿ ಒಂದು ಹೆಣ್ಣು. ತೆರೆ ಮೇಲೆ ವಿಜ್ಞಾನಿ, ಎಂಜಿನಿಯರ್ ಥರದ ಕೆಲಸ ಮಾಡೋ ಪಾತ್ರಗಳಲ್ಲಿ ಹೆಣ್ಣು ಶೇಕಡಾ 11.6 ಅಷ್ಟೆ, ಅದೂ ಹನ್ನೊಂದೂ ದೇಶ ಸೇರಿಸಿ. ನನಗೆ ಇದರಲ್ಲಿ ತುಂಬಾ ಚುಚ್ಚಿದ್ದು ಇನ್ನೊಂದು ವಿಷ್ಯ. ನಿಜ ಜೀವನದಲ್ಲಿ ಹೆಂಗಸರು ಮಾಡ್ತಿರೋ ಕೆಲಸದಷ್ಟೂ ತೆರೆ ಮೇಲೆ ಕಾಣಲ್ಲ, ಆ ಸಿನಿಮಾಗಳಲ್ಲಿ ಕೆಲಸ ಮಾಡೋ ಪಾತ್ರಗಳಲ್ಲಿ ಹೆಣ್ಣು ಶೇಕಡಾ 22.5 ಮಾತ್ರ. ಅಂದ್ರೆ ಸಿನಿಮಾ ಇರೋ ಲೋಕಕ್ಕಿಂತ ಹಿಂದೆ ಇದೆ. ಕಲ್ಪನೆ ಅನ್ನೋದು ಇರೋದಕ್ಕಿಂತ ಮುಂದೆ ಹೋಗ್ಬೇಕಿತ್ತಲ್ವಾ?

ಸರಿ, ಎಣಿಸಿದ್ರು. ಮುಂದೆ? ಇಲ್ಲಿ ಗೀನಾ ಹಿಡಿದ ದಾರಿ ನನಗೆ ತುಂಬಾ ಬುದ್ಧಿವಂತಿಕೆಯದ್ದು ಅನ್ನಿಸತ್ತೆ. ಅವರು ಬೀದಿಗೆ ಇಳಿದು ಯಾವ ಸ್ಟುಡಿಯೋ ಹೆಸರನ್ನೂ ಕೆಡಿಸಲಿಲ್ಲ. ಲೆಕ್ಕ ತಗೊಂಡು ನೇರ ಸ್ಟುಡಿಯೋ ಒಳಗೇ ಹೋಗಿ, ಬಾಗಿಲು ಹಾಕ್ಕೊಂಡು, ಕಥೆ ಬರೆಯೋರು ನಿರ್ಮಾಪಕರು ಎಲ್ಲರ ಮುಂದೆ ಇಟ್ರು. ಅವರಿಗೇ ಬೆಚ್ಚಿ ಬೀಳೋ ಹಾಗಾಯ್ತು, ಯಾಕಂದ್ರೆ ತಾವು ಮಾಡಿದ್ದನ್ನ ತಾವೇ ಎಣಿಸಿ ನೋಡಿರಲಿಲ್ಲ. ಆಮೇಲೆ ಗೀನಾ ಕೊಟ್ಟ ಸಲಹೆನೂ ಖರ್ಚಿಲ್ಲದ್ದು. ಬರೆದಿರೋ ಸ್ಕ್ರಿಪ್ಟ್ ತಗೊಳ್ಳಿ, ಕೆಲವು ಗಂಡು ಪಾತ್ರಗಳ ಹೆಸರನ್ನ ಹೆಣ್ಣು ಹೆಸರು ಮಾಡಿ, ಬೇರೇನೂ ಬದಲಾಯಿಸ್ಬೇಡಿ, ಅಷ್ಟರಲ್ಲೇ ಆ ಪಾತ್ರಗಳು ಮಾಮೂಲಿ ಹೆಣ್ಣು ಪಾತ್ರಗಳಿಗಿಂತ ಸೊಗಸಾಗಿ ಬರ್ತವೆ. ಇನ್ನೊಂದು, ಸ್ಕ್ರಿಪ್ಟಲ್ಲಿ ಜನಜಂಗುಳಿ ಸೇರತ್ತೆ ಅಂತ ಬರೆಯೋ ಕಡೆ, ಅದರಲ್ಲಿ ಅರ್ಧ ಹೆಂಗಸರು ಅಂತ ಸೇರಿಸಿ. ಯಾಕಂದ್ರೆ ಅವರ ಎಣಿಕೆ ಪ್ರಕಾರ ಗುಂಪಿನ ದೃಶ್ಯಗಳಲ್ಲಿ ಹೆಣ್ಣು ಬರೀ ಶೇಕಡಾ 17 ಇತ್ತು. ಯೋಚ್ನೆ ಮಾಡಿ, ಕಾರ್ಟೂನಲ್ಲಿ ಗುಂಪನ್ನ ಕೈಯಿಂದ ಬರೀತಾರೆ, ಅಲ್ಲಿ ಇಂತಿಷ್ಟೇ ಹೆಂಗಸರು ಇರ್ಬೇಕು ಅಂತ ಯಾರೂ ಹೇಳಿಲ್ಲ, ಆದ್ರೂ ಹಾಗೇ ಬಂದ್ಬಿಡತ್ತೆ. ಹೀರೋಯಿನ್ ಪಾತ್ರ ಒಂದು ಬದಲಾಯಿಸೋಕೆ ಇಡೀ ಸಿನಿಮಾ ಬದಲಾಗ್ಬೇಕು, ಅಂಗಡಿಯವನು, ಡ್ರೈವರ್, ಜಡ್ಜ್, ಪೈಲಟ್ ಇಂಥ ಸಣ್ಣ ಪಾತ್ರ ಬದಲಾಯಿಸೋಕೆ ಹತ್ತು ನಿಮಿಷ ಸಾಕು.

2019ರಲ್ಲಿ ಡಿಸ್ನಿ ಜೊತೆ ಸೇರಿ ಸ್ಕ್ರಿಪ್ಟ್ ಓದೋ ಸಾಫ್ಟ್‌ವೇರ್ ಕೂಡ ಬಳಕೆಗೆ ತರ್ತೀವಿ ಅಂತ ಹೇಳಿದ್ರು. ಕಾಗುಣಿತ ತಪ್ಪನ್ನ ಕಂಪ್ಯೂಟರ್ ಹಿಡಿಯೋ ಹಾಗೆ ಇದು ಸ್ಕ್ರಿಪ್ಟಲ್ಲಿ ಎಷ್ಟು ಗಂಡು ಎಷ್ಟು ಹೆಣ್ಣು, ಯಾರಿಗೆ ಎಷ್ಟು ಮಾತು ಅಂತ ಶೂಟಿಂಗಿಗೆ ಮೊದಲೇ ಹೇಳ್ಬಿಡತ್ತೆ. ಫಲ ಏನು ಅಂತ ಕೇಳಿದ್ರೆ, ಸಂಸ್ಥೆಯ ಎಣಿಕೆ ಪ್ರಕಾರ ಹೆಚ್ಚು ಓಡಿದ ನೂರು ಫ್ಯಾಮಿಲಿ ಸಿನಿಮಾಗಳಲ್ಲಿ ಮುಖ್ಯ ಪಾತ್ರ ಹೆಣ್ಣಾಗಿದ್ದಿದ್ದು 2007ರಲ್ಲಿ ಶೇಕಡಾ 24, ಅದು 2019ಕ್ಕೆ ಶೇಕಡಾ 48 ಆಯ್ತು. ಇದೆಲ್ಲ ಒಂದು ಸಂಸ್ಥೆಯಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಕಾಲವೂ ಬದಲಾಗ್ತಿತ್ತು, ಹೊಸ ಹೆಣ್ಮಕ್ಕಳು ಬರೆಯೋಕೆ ಬಂದ್ರು, ಹೆಣ್ಣು ಮುಖ್ಯ ಪಾತ್ರದ ಸಿನಿಮಾಗಳು ಚೆನ್ನಾಗಿ ದುಡ್ಡು ಮಾಡಿ ತೋರಿಸಿದ್ವು. ಆದ್ರೆ ನಂಬರ್ ಕೈಯಲ್ಲಿ ಇದ್ದಿದ್ರಿಂದ ಸರಿಹೋಗಿದೆ ಬಿಡಿ ಅನ್ನೋ ಮಾತು ನಿಂತುಹೋಯ್ತು, ಅದು ಸಣ್ಣ ವಿಷ್ಯ ಅಲ್ಲ.

ಈಗ ಅಸಲಿ ಪ್ರಶ್ನೆಗೆ ಬರೋಣ. ತೆರೆ ಮೇಲೆ ಒಂದು ಹೆಣ್ಣು ಪಾತ್ರ ಕಂಡ್ರೆ ನೋಡೋ ಹುಡುಗಿಗೆ ಏನಾಗತ್ತೆ?

ಮೊದಲು ಮಕ್ಕಳ ತಲೆ ಒಳಗೆ ಏನ್ ನಡೀತಿದೆ ನೋಡೋಣ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಐದು, ಆರು, ಏಳು ವರ್ಷದ ಮಕ್ಕಳಿಗೆ ಒಬ್ಬರು ತುಂಬಾ ತುಂಬಾ ಜಾಣರ ಕಥೆ ಹೇಳಿ, ಅವರು ಇವರಲ್ಲಿ ಯಾರಿರ್ಬಹುದು ಅಂತ ಗಂಡಸರ ಹೆಂಗಸರ ಫೋಟೋ ತೋರಿಸಿದ್ರು. ಐದು ವರ್ಷದ ಹುಡುಗ್ರು ಹುಡುಗೀರು ಇಬ್ರೂ ತಮ್ಮ ತಮ್ಮವರನ್ನೇ ತೋರಿಸಿದ್ರು. ಆರಕ್ಕೆ ಬರೋ ಹೊತ್ತಿಗೆ ಹುಡುಗೀರು ಹೆಂಗಸರ ಫೋಟೋ ತೋರಿಸೋದು ಕಮ್ಮಿ ಆಗಿತ್ತು. ಇದು ತುಂಬಾ ಜಾಣ ಮಕ್ಕಳ ಆಟ ಅಂತ ಹೇಳಿದ್ರೆ ಆ ವಯಸ್ಸಿನ ಹುಡುಗೀರಿಗೆ ಆ ಆಟದ ಮೇಲೆ ಆಸೆಯೂ ಕಮ್ಮಿ. ಒಂದು ವರ್ಷದ ಒಳಗೆ! ಇನ್ನೂ ಸರಿಯಾಗಿ ಓದೋಕೆ ಬರಲ್ಲ ಆ ವಯಸ್ಸಲ್ಲಿ, ಆದ್ರೆ ಜಾಣತನ ನನ್ನದಲ್ಲ ಅನ್ನೋದು ಆಗ್ಲೇ ತಲೆಗೆ ಹತ್ತಿರತ್ತೆ. ಇದನ್ನ ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡೋಕಾಗಲಿಲ್ಲ.

ಇನ್ನೊಂದು ಹಳೇದು. ಒಬ್ಬ ವಿಜ್ಞಾನಿ ಚಿತ್ರ ಬರೀರಿ ಅಂತ ಮಕ್ಕಳಿಗೆ ಹೇಳೋದು. 1966ರಿಂದ 1977ರ ತನಕ ಸುಮಾರು 5000 ಮಕ್ಕಳ ಹತ್ರ ಬರೆಸಿದ್ರು, ಅದರಲ್ಲಿ ಹೆಣ್ಣು ವಿಜ್ಞಾನಿ ಇದ್ದಿದ್ದು ಬರೀ 28 ಚಿತ್ರದಲ್ಲಿ, ಆ 28ನ್ನೂ ಬರೆದಿದ್ದು ಹುಡುಗೀರೇ, ಒಬ್ಬ ಹುಡುಗನೂ ಬರೆದಿರಲಿಲ್ಲ. ಇದೇ ಥರದ ಹತ್ತಾರು ಅಧ್ಯಯನಗಳನ್ನ 2018ರಲ್ಲಿ ಒಟ್ಟಿಗೆ ಸೇರಿಸಿ ನೋಡಿದಾಗ 1985ರಿಂದ ಈಚೆಗೆ ಬರೆದ ಚಿತ್ರಗಳಲ್ಲಿ ಸರಾಸರಿ ಶೇಕಡಾ 28 ಹೆಣ್ಣು ವಿಜ್ಞಾನಿಗಳು. ನಿಜ ಲೋಕದಲ್ಲೂ ಟಿವಿಯಲ್ಲೂ ಹೆಣ್ಣು ವಿಜ್ಞಾನಿಗಳು ಕಾಣೋದು ಜಾಸ್ತಿ ಆದ ಕಾಲದಲ್ಲೇ ಮಕ್ಕಳ ಚಿತ್ರವೂ ಬದಲಾಗಿದೆ, ಅಂದ್ರೆ ನೋಡಿದ್ದು ಒಳಗೆ ಇಳಿಯತ್ತೆ. ಆದ್ರೆ ಮಕ್ಕಳು ದೊಡ್ಡೋರಾಗ್ತಾ ಹೋದ ಹಾಗೆ ಮತ್ತೆ ಗಂಡು ವಿಜ್ಞಾನಿ ಬರೆಯೋದೇ ಹೆಚ್ಚಾಗತ್ತೆ ಅಂತಾನೂ ಅದೇ ಅಧ್ಯಯನ ಹೇಳತ್ತೆ.

ಇನ್ನು ಪುರಾವೆ. ಇಲ್ಲಿ ಸ್ವಲ್ಪ ಹುಷಾರಾಗಿ ಓದ್ಬೇಕು, ಯಾಕಂದ್ರೆ ದೇಣಿಗೆ ಕೇಳೋರು ಎಲ್ಲ ಪುರಾವೆನೂ ಒಂದೇ ತೂಕದ್ದು ಅನ್ನೋ ಹಾಗೆ ಹೇಳ್ಬಿಡ್ತಾರೆ. ಎಲ್ಲಕ್ಕಿಂತ ಹೆಸರಾಗಿರೋದು ಸ್ಕಲ್ಲಿ ಎಫೆಕ್ಟ್ ಅನ್ನೋದು. 1993ರಲ್ಲಿ ಶುರುವಾದ ಎಕ್ಸ್ ಫೈಲ್ಸ್ ಅನ್ನೋ ಅಮೆರಿಕನ್ ಸೀರಿಯಲ್ಲಲ್ಲಿ ಡೇನಾ ಸ್ಕಲ್ಲಿ ಅಂತ ಒಬ್ಬ ಡಾಕ್ಟರ್, ಎಫ್‌ಬಿಐ ಏಜೆಂಟ್, ಎಲ್ಲಕ್ಕೂ ಸಾಕ್ಷಿ ಕೇಳೋಳು. ಆಗಿನ ಹುಡುಗೀರಿಗೆ ಹುಚ್ಚು ಹಿಡಿಸಿದ್ದ ಪಾತ್ರ. 2018ರಲ್ಲಿ ಗೀನಾ ಅವರ ಸಂಸ್ಥೆ ಸರ್ವೆ ಮಾಡಿದಾಗ, ಆ ಪಾತ್ರ ಗೊತ್ತಿದ್ದು ಈಗ ವಿಜ್ಞಾನ ತಂತ್ರಜ್ಞಾನದಲ್ಲಿ ಕೆಲಸ ಮಾಡ್ತಿರೋ ಹೆಂಗಸರಲ್ಲಿ ಮೂರನೇ ಎರಡು ಪಾಲಿನ ಹತ್ತಿರ ಹತ್ತಿರ ಸ್ಕಲ್ಲಿ ನಮಗೆ ರೋಲ್ ಮಾಡೆಲ್ ಆಗಿದ್ಳು ಅಂದ್ರು. ಕೇಳೋಕೆ ತುಂಬಾ ಖುಷಿ ಆಗತ್ತೆ. ಆದ್ರೆ ಇದು ಜನ ತಮ್ಮ ಬಗ್ಗೆ ತಾವೇ ಹಿಂದಕ್ಕೆ ನೋಡಿ ಹೇಳಿದ್ದು, ಜೊತೆಗೆ ಸರ್ವೆಯಲ್ಲಿ ಕೈ ಜೋಡಿಸಿದ್ದು ಆ ಸೀರಿಯಲ್ ತೆಗೆದ ಕಂಪನಿನೇ. ವಿಜ್ಞಾನದಲ್ಲಿ ಮೊದಲೇ ಆಸಕ್ತಿ ಇದ್ದ ಹುಡುಗಿ ಅಂಥ ಸೀರಿಯಲ್ ಹುಡುಕಿಕೊಂಡು ನೋಡಿರ್ಬಹುದಲ್ವಾ, ಯಾವುದು ಮೊದಲು ಯಾವುದು ಆಮೇಲೆ ಅಂತ ಈ ಸರ್ವೆ ಹೇಳಲ್ಲ.

ಅದಕ್ಕೆ ಉತ್ತರ ಕೊಡೋದು ಉಗಾಂಡದ್ದು. ಇದು ನನಗೆ ಅತ್ಯಂತ ಇಷ್ಟವಾದ ಅಧ್ಯಯನ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕಂಪಾಲಾ ನಗರದ ಕಾಟ್ವೆ ಅನ್ನೋ ಬಡವರ ಕೇರಿಯ ಹುಡುಗಿ ಫಿಯೋನಾ ಮುಟೇಸಿ, ಚೆಸ್ ಕಲಿತು ದೇಶದ ಪರವಾಗಿ ಆಡಿದೋಳು, ಅವಳ ಜೀವನದ ಮೇಲೆ ಮೀರಾ ನಾಯರ್ 2016ರಲ್ಲಿ ಕ್ವೀನ್ ಆಫ್ ಕಾಟ್ವೆ ಅನ್ನೋ ಸಿನಿಮಾ ತೆಗೆದ್ರು. ಎಮ್ಮಾ ರೈಲಿ ಅನ್ನೋ ಅರ್ಥಶಾಸ್ತ್ರಜ್ಞೆ ಅದೇ ಕಂಪಾಲಾದಲ್ಲಿ, ಪಬ್ಲಿಕ್ ಪರೀಕ್ಷೆ ಬರೆಯೋಕೆ ಕೂತಿದ್ದ ಹೈಸ್ಕೂಲ್ ಮಕ್ಕಳನ್ನ ತಗೊಂಡು ಲಾಟರಿ ಎತ್ತಿದ ಹಾಗೆ ಎರಡು ಪಾಲು ಮಾಡಿದ್ರು. ಒಂದು ಪಾಲಿಗೆ ಈ ಸಿನಿಮಾ, ಇನ್ನೊಂದು ಪಾಲಿಗೆ ಬೇರೆ ಯಾವುದೋ ಮಾಯಾಲೋಕದ ಸಿನಿಮಾ. ಅಷ್ಟೇ, ಒಂದೇ ಸಲ ತೋರಿಸಿದ್ದು, ಭಾಷಣ ಇಲ್ಲ ಟ್ಯೂಷನ್ ಇಲ್ಲ. ಲಾಟರಿ ಯಾಕೆ ಅಂದ್ರೆ, ಹಾಗೆ ಮಾಡಿದಾಗ ಎರಡೂ ಕಡೆ ಜಾಣರು, ಸಾಧಾರಣದವರು, ಬಡವರು, ಇರೋರು ಎಲ್ಲ ಒಂದೇ ಥರ ಹಂಚಿಹೋಗ್ತಾರೆ, ಆಮೇಲೆ ಏನಾದ್ರೂ ವ್ಯತ್ಯಾಸ ಕಂಡ್ರೆ ಅದು ಸಿನಿಮಾದ್ದೇ ಅಂತ ಹೇಳ್ಬಹುದು. ರಿಸಲ್ಟ್ ಬಂದಾಗ ಹತ್ತನೇ ಕ್ಲಾಸಿಗೆ ಸಮ ಅನ್ನಬಹುದಾದ ಆ ಪರೀಕ್ಷೆಯಲ್ಲಿ ಬೇರೆ ಸಿನಿಮಾ ನೋಡಿದವರಲ್ಲಿ ಗಣಿತ ಫೇಲಾದೋರು ಶೇಕಡಾ 32, ಫಿಯೋನಾ ಸಿನಿಮಾ ನೋಡಿದವರಲ್ಲಿ ಶೇಕಡಾ 18. ಹೆಚ್ಚು ಲಾಭ ಆಗಿದ್ದು ಹುಡುಗೀರಿಗೆ, ಓದಿನಲ್ಲಿ ಹಿಂದಿದ್ದವರಿಗೆ. ನನ್ನ ಹಾಗೇ ಇರೋಳು, ನನ್ನ ಊರಿನೋಳು, ನನ್ನ ಥರಾನೇ ಕಷ್ಟ ಪಟ್ಟೋಳು ಅನ್ನೋದು ಇಲ್ಲಿ ಮುಖ್ಯ. ಆಕಾಶದಿಂದ ಇಳಿದು ಬಂದ ಸೂಪರ್ ಹೀರೋಯಿನ್ ತೋರಿಸಿದ್ರೆ ಇದೇ ಫಲ ಬರ್ತಿತ್ತು ಅಂತ ನನಗೆ ಅನ್ನಿಸಲ್ಲ.

ಹೀಗೆ ಅನ್ನಿಸೋಕೆ ಕಾರಣವೂ ಇದೆ. 2012ರಲ್ಲಿ ಅಮೆರಿಕದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞೆಯರು ಮಿಡ್ಲ್ ಸ್ಕೂಲ್ ಹುಡುಗೀರಿಗೆ, ವಿಜ್ಞಾನದಲ್ಲೂ ಮುಂದು ಅಲಂಕಾರದಲ್ಲೂ ಮುಂದು ಅನ್ನೋ ಥರದ ಮಾದರಿಗಳನ್ನ ಕೊಟ್ಟು ನೋಡಿದ್ರು. ಗಣಿತ ವಿಜ್ಞಾನ ಇಷ್ಟ ಇಲ್ಲದ ಹುಡುಗೀರಿಗೆ ಅದು ಉಲ್ಟಾ ಹೊಡೀತು, ಎರಡರಲ್ಲೂ ಹೀಗಿರೋಕೆ ನನ್ನಿಂದ ಆಗಲ್ಲ ಅಂತ ಇನ್ನೂ ದೂರ ಸರಿದ್ರು. ಹಂಗಾಗಿ ಗಟ್ಟಿ ಹೆಣ್ಣು ಪಾತ್ರ ಅಂದ್ರೆ ಫೈಟ್ ಮಾಡೋಳು, ಎಲ್ಲದರಲ್ಲೂ ಫಸ್ಟ್ ಬರೋಳು ಅಂತ ತಿಳ್ಕೊಂಡ್ರೆ ಕೆಲಸ ಕೆಡತ್ತೆ. ತಾನೇ ತೀರ್ಮಾನ ತಗೊಳ್ಳೋಳು, ತಪ್ಪು ಮಾಡಿ ಸರಿ ಮಾಡ್ಕೊಳ್ಳೋಳು, ಕಥೆ ಅವಳಿಂದ ಮುಂದಕ್ಕೆ ಹೋಗ್ಬೇಕು. ಅವಳು ಹೆದರ್ಬಹುದು, ಅಳ್ಬಹುದು, ಸೋಲ್ಬಹುದು.

ತೆರೆಯಿಂದ ಹೊರಗಿನ ಒಂದು ಪುರಾವೆನೂ ಹೇಳ್ಬೇಕು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ಎಸ್ತರ್ ಡುಫ್ಲೋ ಅನ್ನೋ ಅರ್ಥಶಾಸ್ತ್ರಜ್ಞೆ ಮತ್ತು ಜೊತೆಗಾರರು ಮಾಡಿದ ಕೆಲಸ, 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮೀಸಲಾತಿಯಿಂದ ಎರಡು ಅವಧಿ ಹೆಂಗಸರೇ ಪಂಚಾಯತಿ ಮುಖ್ಯಸ್ಥರಾಗಿದ್ದ ಹಳ್ಳಿಗಳಲ್ಲಿ, ಮಕ್ಕಳ ಭವಿಷ್ಯದ ಬಗ್ಗೆ ಹುಡುಗರಿಗೂ ಹುಡುಗೀರಿಗೂ ಇದ್ದ ಆಸೆಯ ಅಂತರ ಹದಿಹರೆಯದವರಲ್ಲಿ ಮೂರನೇ ಒಂದು ಪಾಲಿನಷ್ಟು ಕಮ್ಮಿ ಆಗಿತ್ತು, ಓದಿನ ಅಂತರ ಅಳಿಸೇ ಹೋಗಿತ್ತು, ಹುಡುಗೀರು ಮನೆಗೆಲಸಕ್ಕೆ ಕೊಡೋ ಹೊತ್ತೂ ಕಮ್ಮಿ ಆಗಿತ್ತು. ಹುಡುಗೀರಿಗೆ ಅಂತ ಹೊಸ ಸ್ಕೂಲು, ಹೊಸ ಸೌಕರ್ಯ ಏನೂ ಬಂದಿರಲಿಲ್ಲ, ದಿನಾ ಕಣ್ಣೆದುರಿಗೆ ಒಬ್ಬ ಹೆಂಗಸು ಊರು ನಡೆಸೋದನ್ನ ನೋಡಿದ್ದಷ್ಟೆ. ಎಲ್ಲ ಊರಲ್ಲೂ ಅಂಥ ಒಬ್ಬರು ಇರಲ್ಲ, ತೆರೆ ಎಲ್ಲ ಕಡೆ ಇರತ್ತೆ, ಈ ಇಡೀ ಕೆಲಸದ ಹಿಂದಿರೋ ಯೋಚನೆ ಅದು.

ಎಣಿಕೆ ಒಂದು ದಾರಿ ಆದ್ರೆ ಕಾರ್ಯಕ್ರಮಾನೇ ಮಾಡೋದು ಇನ್ನೊಂದು ದಾರಿ, ಇದು ಹೆಚ್ಚು ಹಳೇದು. ಸೆಸಮಿ ಸ್ಟ್ರೀಟ್ ಅನ್ನೋ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ 1969ರಲ್ಲಿ ಶುರುವಾಗಿದ್ದು ಕಾರ್ನೆಗಿ, ಫೋರ್ಡ್ ಥರದ ಫೌಂಡೇಶನ್‌ಗಳ ದುಡ್ಡು ಮತ್ತು ಅಮೆರಿಕ ಸರ್ಕಾರದ ದುಡ್ಡಿನಿಂದ, ಅದನ್ನ ಕಟ್ಟಿದ್ದೂ ಒಬ್ಬ ಹೆಂಗಸು, ಜೋನ್ ಗಾಂಜ್ ಕೂನಿ. ಆದ್ರೂ ಅದರ ಹೆಸರಾಂತ ಬೊಂಬೆಗಳನ್ನ ನೆನೆಸ್ಕೊಳ್ಳಿ, ಬಿಗ್ ಬರ್ಡ್, ಎಲ್ಮೊ, ಕುಕಿ ಮಾನ್‌ಸ್ಟರ್, ಬರ್ಟ್, ಅರ್ನಿ, ಆಸ್ಕರ್, ಎಲ್ಲ ಗಂಡೇ. ಮಕ್ಕಳ ಒಳ್ಳೇದಕ್ಕೆ ಅಂತಾನೇ ಮಾಡಿದ ಕಡೆಯೂ ಹೀಗಾಗತ್ತೆ ಅಂದ್ರೆ ಇದು ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಆಮೇಲೆ ಅವರೇ ಬೇರೆ ದೇಶಗಳಲ್ಲಿ ಇದನ್ನ ಸರಿ ಮಾಡಿದ್ರು, ಈಜಿಪ್ಟಲ್ಲಿ 2000ದಲ್ಲಿ ಖೋಖಾ, ಭಾರತದಲ್ಲಿ 2006ರಲ್ಲಿ ಸ್ಕೂಲ್ ಯೂನಿಫಾರ್ಮ್ ಹಾಕಿರೋ ಚಮ್ಕಿ, ಅಫ್ಘಾನಿಸ್ತಾನದಲ್ಲಿ 2016ರಲ್ಲಿ ಜರಿ ಅನ್ನೋ ಆರು ವರ್ಷದ ಹುಡುಗಿ ಬೊಂಬೆ.

ದಕ್ಷಿಣ ಏಷ್ಯಾದಲ್ಲಿ ಯುನಿಸೆಫ್ 1990ರ ದಶಕದಲ್ಲಿ ತಂದ ಮೀನಾ ಕಾರ್ಟೂನ್ ನೋಡಿದೋರು ಈಗಲೂ ಮರೆತಿಲ್ಲ. ನಮ್ಮ ದೇಶದ ದೊಡ್ಡ ಆನಿಮೇಟರ್ ರಾಮ್ ಮೋಹನ್ ಅವರ ಕೈ ಅದರಲ್ಲಿತ್ತು. ಮೊದಲ ಕಂತಲ್ಲಿ ಮೀನಾಗೆ ಸ್ಕೂಲಿಗೆ ಹೋಗೋಕೆ ಬಿಡಲ್ಲ, ತಮ್ಮ ರಾಜು ಹೋಗ್ತಾನೆ, ಅವಳು ತನ್ನ ಗಿಣಿ ಮಿಟ್ಠೂನ ಸ್ಕೂಲಿಗೆ ಕಳಿಸಿ ಅದರಿಂದ ಲೆಕ್ಕ ಕಲೀತಾಳೆ, ಆ ಲೆಕ್ಕದಿಂದ ಮನೆ ಕೋಳಿ ಎಣಿಸಿ ಒಂದು ಕಾಣೆಯಾಗಿದೆ ಅಂತ ಕಂಡುಹಿಡಿದು ಕಳ್ಳನನ್ನ ಹಿಡಿಸ್ತಾಳೆ. ದೂರದರ್ಶನದಲ್ಲಿ 2014ರಿಂದ ಬಂದ ಮೈ ಕುಛ್ ಭೀ ಕರ್ ಸಕ್ತೀ ಹೂಂ ಅನ್ನೋ ಸೀರಿಯಲ್ಲೂ ಹೀಗೇ, ಮುಂಬೈ ಕೆಲಸ ಬಿಟ್ಟು ತನ್ನ ಹಳ್ಳಿಗೆ ಬರೋ ಡಾಕ್ಟರ್ ಸ್ನೇಹಾಳ ಕಥೆ, ಮಾಡಿಸಿದ್ದು ಪಾಪ್ಯುಲೇಶನ್ ಫೌಂಡೇಶನ್ ಆಫ್ ಇಂಡಿಯಾ ಅನ್ನೋ ಲಾಭ ಇಲ್ಲದ ಸಂಸ್ಥೆ. ಅಮೆರಿಕದಲ್ಲಿ ಲೈಡಾ ಹಿಲ್ ಅನ್ನೋ ದಾನಿ 2019ರಲ್ಲಿ ಎರಡೂವರೆ ಕೋಟಿ ಡಾಲರ್ ಇಟ್ಟು ಇಫ್ ದೆನ್ ಅನ್ನೋ ಯೋಜನೆ ಶುರು ಮಾಡಿದ್ರು, ವಿಜ್ಞಾನದಲ್ಲಿ ನಿಜವಾಗ್ಲೂ ಕೆಲಸ ಮಾಡ್ತಿರೋ 125 ಹೆಂಗಸರನ್ನ ಆರಿಸಿ, ಅವರ ಕೆಲಸ ಟಿವಿಯಲ್ಲಿ ಬರೋ ಹಾಗೆ ಮಾಡಿ, ಅವರ ಫೋಟೋ ವಿಡಿಯೋಗಳನ್ನ ಶಿಕ್ಷಣದ ಬಳಕೆಗೆ ಪುಕ್ಕಟೆ ಸಿಗೋ ಹಾಗೆ ಇಟ್ರು.

ಮೂರನೇ ದಾರಿ, ಸಿನಿಮಾ ಮಾಡೋ ಹೆಂಗಸರ ಕೈಗೆ ದುಡ್ಡು ಕೊಡೋದು. ಮೇಲೆ ಹೇಳಿದ 11 ದೇಶದ ಎಣಿಕೆಯಲ್ಲೇ ನಿರ್ದೇಶಕರಲ್ಲಿ ಹೆಂಗಸರು ಶೇಕಡಾ 7, ಬರೆಯೋರಲ್ಲಿ ಶೇಕಡಾ 20ರ ಹತ್ರ. ಹೆಂಗಸರು ಬರೆದ, ನಿರ್ದೇಶಿಸಿದ ಸಿನಿಮಾಗಳಲ್ಲಿ ಹೆಣ್ಣು ಪಾತ್ರಗಳು ಹೆಚ್ಚು ಅಂತಾನೂ ಅದೇ ಎಣಿಕೆ ತೋರಿಸಿತು. ನ್ಯೂಯಾರ್ಕಿನ ವಿಮೆನ್ ಮೇಕ್ ಮೂವೀಸ್ ಅನ್ನೋ ಸಂಸ್ಥೆ 1972ರಿಂದ ಈ ಕೆಲಸ ಮಾಡ್ತಿದೆ. ಇಲ್ಲಿ ದಾನಿಗಳಿಗೆ ಗೊಂದಲ ಮಾಡೋ ಒಂದು ವ್ಯವಸ್ಥೆ ಇದೆ, ಹೇಳ್ಬಿಡ್ತೀನಿ. ಒಬ್ಬ ಡಾಕ್ಯುಮೆಂಟರಿ ಮಾಡೋಳಿಗೆ ನೇರ ದುಡ್ಡು ಕೊಟ್ರೆ ಅದು ಕಾನೂನಿನ ಲೆಕ್ಕದಲ್ಲಿ ದಾನ ಆಗಲ್ಲ, ಯಾಕಂದ್ರೆ ಅವಳು ಒಬ್ಬ ವ್ಯಕ್ತಿ, ಚಾರಿಟಿ ಅಲ್ಲ. ಅದಕ್ಕೆ ನೋಂದಣಿ ಆಗಿರೋ ಒಂದು ಸಂಸ್ಥೆ ಅವಳ ಪರವಾಗಿ ದುಡ್ಡು ತಗೊಂಡು, ಲೆಕ್ಕ ಇಟ್ಟು, ತನ್ನ ಸಣ್ಣ ಪಾಲು ಹಿಡ್ಕೊಂಡು ಉಳಿದಿದ್ದನ್ನ ಅವಳಿಗೆ ಕೊಡತ್ತೆ. ಆ ಪಾಲು ನೋಡಿ ಮೋಸ ಅಂದ್ಕೋಬೇಡಿ, ಲೆಕ್ಕ ಕೇಳೋಕೆ ಒಬ್ರು ಇದಾರೆ ಅನ್ನೋದಕ್ಕೆ ಕೊಡೋ ದುಡ್ಡು ಅದು.

ಕೊಡ್ಬೇಕು ಅಂತ ಮನಸ್ಸಿದ್ರೆ ನಾನು ಏನ್ ನೋಡ್ತೀನಿ ಅಂದ್ರೆ, ಮೊದಲು ಎಣಿಕೆ ಮಾಡೋ ಸಂಸ್ಥೆ ಆದ್ರೆ ರಿಪೋರ್ಟ್ ಎಲ್ಲರಿಗೂ ಓದೋಕೆ ಸಿಗತ್ತಾ, ಎಣಿಸಿದ್ದು ಹೇಗೆ ಅಂತ ಬರೆದಿದಾರಾ, ಯಾರನ್ನ ಎಣಿಸ್ತಿದಾರೋ ಅವರಿಂದಲೇ ದುಡ್ಡು ತಗೊಂಡಿದ್ರೆ ಅದನ್ನ ಬಾಯಿಬಿಟ್ಟು ಹೇಳಿದಾರಾ. ಕಾರ್ಯಕ್ರಮ ಮಾಡೋರಾದ್ರೆ ಅದು ಯಾವ ಭಾಷೆಯಲ್ಲಿ, ಯಾವ ತೆರೆಗೆ ತಲುಪತ್ತೆ ಅಂತ ಕೇಳ್ತೀನಿ. ಸಿನಿಮಾ ತೆಗೆಯೋಕೆ ದುಡ್ಡು ಕೂಡಿಸಿ, ತೋರಿಸೋಕೆ ಏನೂ ಇಡದೇ ಹೋದ್ರೆ ಅದು ಎರಡು ಫೆಸ್ಟಿವಲ್ ಸುತ್ತಿ ಹಾರ್ಡ್‌ಡಿಸ್ಕಲ್ಲಿ ಮಲಗತ್ತೆ. ಸ್ಕೂಲುಗಳಿಗೆ ತಗೊಂಡು ಹೋಗೋದು, ಡಬ್ ಮಾಡಿಸೋದು, ತೋರಿಸೋ ಹಕ್ಕು ಕೊಳ್ಳೋದು, ಆಮೇಲೆ ಮಕ್ಕಳ ಜೊತೆ ಕೂತು ಮಾತಾಡಿಸೋದು, ಇದಕ್ಕೂ ಬಜೆಟ್ ಬೇಕು. ಉಗಾಂಡದ ಫಲಿತಾಂಶ ಬಂದಿದ್ದು ಸಿನಿಮಾ ತೆಗೆದಿದ್ದರಿಂದ ಮಾತ್ರ ಅಲ್ಲ, ಪರೀಕ್ಷೆ ಹತ್ತಿರ ಇರೋವಾಗ ಆ ಮಕ್ಕಳನ್ನ ಕೂರಿಸಿ ತೋರಿಸಿದ್ದರಿಂದ. ಹಂಗಾಗಿ ಕಮ್ಮಿ ದುಡ್ಡು ಇರೋರು ಹೊಸ ಸಿನಿಮಾಗಿಂತ ಇರೋ ಒಳ್ಳೆ ಸಿನಿಮಾ ತೋರಿಸೋ ಕೆಲಸಕ್ಕೆ ಕೊಟ್ರೆ ಹೆಚ್ಚು ತಲುಪತ್ತೆ ಅಂತ ನನ್ನ ಅಭಿಪ್ರಾಯ.

ಇನ್ನು ಎಣಿಕೆಗೆ ಕೊಡೋದಾದ್ರೆ ಒಂದು ಸಲ ದೊಡ್ಡದಾಗಿ ಕೊಡೋದಕ್ಕಿಂತ ವರ್ಷ ವರ್ಷ ಸ್ವಲ್ಪ ಸ್ವಲ್ಪ, ಇಂಥದ್ದಕ್ಕೇ ಅಂತ ಕಟ್ಟುಪಾಡು ಹಾಕದೇ ಕೊಡಿ. ಯಾಕಂದ್ರೆ ಈ ನಂಬರ್ ನಿಂತಲ್ಲಿ ನಿಲ್ಲಲ್ಲ. ಸ್ಟೇಸಿ ಸ್ಮಿತ್ ಅವರ ತಂಡ ಈಗಲೂ ಪ್ರತಿ ವರ್ಷ ಹಾಲಿವುಡ್ಡಿನ ಹೆಚ್ಚು ಗಳಿಕೆಯ ನೂರು ಸಿನಿಮಾ ಎಣಿಸತ್ತೆ. ಮುಖ್ಯ ಪಾತ್ರ ಅಥವಾ ಅದಕ್ಕೆ ಸರಿಸಮನಾದ ಪಾತ್ರ ಹೆಣ್ಣಾಗಿದ್ದ ಸಿನಿಮಾಗಳು 2022ರಲ್ಲಿ 44 ಇತ್ತು, 2023ರಲ್ಲಿ ಏಕಾಏಕಿ 30ಕ್ಕೆ ಕುಸೀತು, ಅಂದ್ರೆ 2010ರಲ್ಲಿ ಎಷ್ಟಿತ್ತೋ ಅಷ್ಟಕ್ಕೇ ವಾಪಸ್. 2024ರಲ್ಲಿ ಮೊದಲ ಸಲ ಅರ್ಧ ದಾಟಿ 54ಕ್ಕೆ ಏರಿತು. ನಡುವಿನ ಆ 2023ರಲ್ಲಿ ಥಿಯೇಟರಿಗೆ ಹೋದೋರಿಗೆ ಏನಾದ್ರೂ ಕಮ್ಮಿಯಾಗಿದೆ ಅನ್ನಿಸಿತ್ತೋ ಇಲ್ವೋ, ಆ ವರ್ಷವೂ ಯಾರೋ ಸಂಬಳ ಕೊಟ್ಟಿದ್ರಿಂದ ಒಂದಷ್ಟು ಜನ ಕೂತು ನೂರು ಸಿನಿಮಾನೂ ನಿಲ್ಲಿಸಿ ನಿಲ್ಲಿಸಿ ನೋಡಿ ಬರ್ಕೊಂಡಿದ್ರು.